ಊರಿನ ಹಳೇ ಸುಣ್ಣದ ಭಟ್ಟಿ, ಗಚ್ಚಿನ ಗಾಣ: ನೆನಪಿನ ಕಲ್ಲು ನಿಲ್ಲಿಸೋ ಮುಂಚೆ ಏನು ಮಾಡಬೇಕು?

ಕಾಗಿಣಾ ದಂಡಿ:

ಎಲ್ಲಾರಿಗೂ ಶರಣು ಶರಣಾರ್ಥಿ.

ಚಿತ್ತಾಪುರ ತಾಲೂಕಿನಾಗ ಕಾಗಿಣಾ ಹೊಳಿ ಬಾಜೂಕ ಒಂದು ಸಣ್ಣ ಊರು. ಇಲ್ಲಿಗೆ ಮೊದಲು ಬಂದು ಮನಿ ಕಟ್ಟಿಕೊಂಡ ನಾಕೈದು ಮನೆತನದವರು ಒಕ್ಕಲುತನದ ಜೊತಿಗೆ ಸುಣ್ಣ ಸುಟ್ಟು ಮಾರೋ ಕೆಲಸ ಹಿಡಿದಿದ್ರು. ಭಾಳ ದಿನ ನಡೀಲಿಲ್ಲ. ಆದ್ರ ಈ ಊರಾಗ ಹೊಲ ಬಿಟ್ಟು ಬ್ಯಾರೆ ಉದ್ಯೋಗ ಅಂತ ಹುಟ್ಟಿದ್ದು ಅದೇ ಮೊದಲು. ಅದರ ನೆನಪಿಗೆ ಡಿಸೆಂಬರ್‌ನಾಗ ಒಂದು ಕಲ್ಲು ನಿಲ್ಲಿಸಬೇಕಂತ ಊರಿನವರ ಮನಸ್ಸದ.

ಉಳಿದದ್ದು ಇಷ್ಟು. ದಿಬ್ಬದ ಇಳಿಜಾರಿಗೆ ಆತು ಕಟ್ಟಿದ ದುಂಡನೆ ಭಟ್ಟಿ, ಒಳಗಿನ ಅಡ್ಡಗಲ 5 ಫೂಟು, ಆಳ 9 ಫೂಟು. ಕೆಳಗ ಸುಟ್ಟ ಸುಣ್ಣ ಎಳೆಯೋ ಬಾಯಿ 2 ಫೂಟಿಂದು, ಅದರ ಮ್ಯಾಲಿನ ಅಡ್ಡಗಲ್ಲು ಬಿರುಕು ಬಿಟ್ಟದ. ಅಲ್ಲಿಂದ 40 ಹೆಜ್ಜಿಗೆ ಗಚ್ಚು (ಸುಣ್ಣದ ಗಾರೆ) ಅರೆಯೋ ಗಾಣ: ದುಂಡನೆ ಕಲ್ಲಿನ ಕಾಲುವೆ, 18 ಫೂಟು ಅಡ್ಡಗಲ, ಅದರಾಗ ಎರಡು ತುಂಡಾಗಿ ಬಿದ್ದ ಮೂರೂವರೆ ಫೂಟಿನ ಕಲ್ಲಿನ ಗಾಲಿ, 10 ಇಂಚು ದಪ್ಪ. ಭಟ್ಟಿ ಗ್ವಾಡ್ಯಾಗ ಅರಳಿ ಗಿಡ ಹುಟ್ಟಿ ಕಲ್ಲು ಸರಿಸಲಿಕ್ಕೆ ಹತ್ಯದ.

ಕೇಳೋದು ಏನಂದ್ರ: ಭಟ್ಟಿಗೆ ಸಿಮೆಂಟ್ ಗಿಲಾವ್ ಹೊಡೆದು ಬಣ್ಣ ಬಳಿಯೋಣ ಅಂತ ಕೆಲವರು. ಗಾಲಿ ತಂದು ಅಗಸಿ (ಊರ ಬಾಗಿಲು) ಮುಂದ ಇಟ್ಟು ಅದರ ಮ್ಯಾಲೇ ಫರಸಿ ಕಲ್ಲು ನಿಲ್ಲಿಸೋಣ ಅಂತ ಇನ್ನ ಕೆಲವರು. ಕಲ್ಲಿನ ಮ್ಯಾಲ "ಈ ಸೀಮೆಯ ಮೊದಲ ಸುಣ್ಣದ ಕಾರ್ಖಾನೆ" ಅಂತ ಬರೆಸಬಹುದಾ? ವರ್ಷ ಯಾರಿಗೂ ಗೊತ್ತಿಲ್ಲ. ಅವತ್ತೇ ಭಟ್ಟಿಗೆ ಮತ್ತೊಮ್ಮೆ ಬೆಂಕಿ ಹಾಕಿ ಮಕ್ಕಳಿಗೆ ತೋರಿಸಬೇಕಂತಲೂ ಅದ. ತಿಳಿದವರು ಹೇಳ್ರಿ.


ಗಚ್ಚಿನ ಕೆಲಸ:

ಮೊದಲು ಸಿಮೆಂಟಿನ ಮಾತು ಕೈಬಿಡ್ರಿ. ಸುಣ್ಣದ ಗಚ್ಚಿನಲ್ಲಿ ಕಟ್ಟಿದ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಆ ನೀರನ್ನು ಸಂದಿಗಳಿಂದ ಬಿಡುತ್ತದೆ. ಮೇಲೆ ಸಿಮೆಂಟ್ ಬಿದ್ದರೆ ಆ ಸಂದಿ ಮುಚ್ಚಿತು. ದಿಬ್ಬದ ಕಡೆಯಿಂದ ಬಂದ ನೀರು ಕಲ್ಲಿನೊಳಗಿಂದಲೇ ಹೊರಬರಬೇಕು, ಬರುವಾಗ ಉಪ್ಪನ್ನೂ ತರುತ್ತದೆ. ಆ ಉಪ್ಪು ಕಲ್ಲಿನ ಮುಖದ ಹಿಂದೆ ಹರಳುಗಟ್ಟಿ ಪದರ ಪದರವಾಗಿ ಉದುರಿಸುತ್ತದೆ. ನಾಲ್ಕೈದು ಮಳೆಗಾಲ ಕಳೆದಾಗ ಸಿಮೆಂಟು ಗಟ್ಟಿಯಾಗಿ ನಿಂತಿರುತ್ತದೆ, ಹಿಂದಿನ ಕಲ್ಲು ಪುಡಿಯಾಗಿರುತ್ತದೆ.

ಯಾವುದಕ್ಕೂ ಕೈ ಹಚ್ಚುವ ಮುಂಚೆ ಅಳತೆ ತೆಗೆದುಕೊಳ್ಳಿ. ಪ್ರತಿ ಮಗ್ಗುಲಿನಿಂದ ಅಳತೆಕೋಲು ಇಟ್ಟು ಫೋಟೋ, ಮೇಲಿನಿಂದ ಒಂದು ನಕ್ಷೆ, ನಡು ಸೀಳಿದಂತೆ ಒಂದು ನಕ್ಷೆ. ಬಿದ್ದ ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕಿ, ಬಿದ್ದಲ್ಲೇ ಫೋಟೋ ತೆಗೆದು ಆಮೇಲೆ ಎತ್ತಿ.

ಕೆಲಸ ಶುರುವಾಗಬೇಕಾದದ್ದು ಬಿರುಕು ಬಿಟ್ಟ ಅಡ್ಡಗಲ್ಲಿನಿಂದ. ಅದರ ಕೆಳಗೆ ಎರಡು ಗಟ್ಟಿ ಕಂಬ, ಮೇಲೆ ಒಂದು ತೊಲೆ, ನಡುವೆ ಕಟ್ಟಿಗೆಯ ಬೆಣೆ. ಬೆಣೆ ಕೈಯಿಂದ ಬಿಗಿಯಾಗುವಷ್ಟೇ ಸಾಕು. ಸುತ್ತಿಗೆಯಿಂದ ಬಡಿದರೆ ಅಡ್ಡಗಲ್ಲು ಮೇಲಕ್ಕೆ ಎದ್ದು ಬಿರುಕು ಪೂರಾ ಬಾಯಿ ಬಿಡುತ್ತದೆ. ಇದಾದ ಮೇಲೆಯೇ ಅರಳಿ ಗಿಡ.

ಅರಳಿಯನ್ನು ಎಳೆದು ಕೀಳಲೇಬೇಡಿ. ಕಿರುಬೆರಳಿನಷ್ಟು ದಪ್ಪದ ಬೇರು ಗೋಡೆಯ ಹೊಟ್ಟೆಯೊಳಗೆ 4–5 ಫೂಟು ಹೋಗಿರುತ್ತದೆ, ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ. ಕೊಂಬೆಗಳನ್ನು ಮೊದಲು ಕಡಿದು ಭಾರ ಇಳಿಸಿ, ಬುಡವನ್ನು ಗೋಡೆಯಿಂದ ಗೇಣುದ್ದ ಬಿಟ್ಟು ಕತ್ತರಿಸಿ. ಹಸಿ ಕಡಿತದಲ್ಲಿ ತೂತು ಕೊರೆದು ಕಳೆನಾಶಕ ತುಂಬಬೇಕು. ಇದನ್ನು ಪರವಾನಗಿ ಇರುವ ಕೀಟ ನಿಯಂತ್ರಣದವರಿಂದ ಮಾಡಿಸಿ. ಕಡಿದು ಹಾಗೇ ಒಂದು ದಿನ ಬಿಟ್ಟರೆ ಬಾಯಿ ಒಣಗಿ ಔಷಧಿ ಒಳಗೆ ಇಳಿಯುವುದಿಲ್ಲ, ಮಳೆ ಬಿದ್ದ ಕೂಡಲೇ ಹತ್ತು ಚಿಗುರು ಹೊಡೆಯುತ್ತದೆ. ಸತ್ತ ಬೇರು ಒಣಗಿ ಸುಕ್ಕಾದ ಮೇಲೆ ಸಿಕ್ಕಷ್ಟು ತೆಗೆದು ಆ ತೂತುಗಳಿಗೆ ಗಚ್ಚು ತುಂಬಿ. ಇಲ್ಲದಿದ್ದರೆ ಆ ತೂತೇ ಮಳೆನೀರಿನ ದಾರಿಯಾಗುತ್ತದೆ.

ಗಚ್ಚಿಗೆ: ಹದವಾದ ಸುಣ್ಣದ ಮುದ್ದೆ 1, ಸುರ್ಕಿ (ಇಟ್ಟಂಗಿ ಪುಡಿ) 1, ತೊಳೆದ ಹೊಳೆ ಉಸುಕು 2, ಎಲ್ಲವೂ ಬುಟ್ಟಿ ಲೆಕ್ಕ. ಸುರ್ಕಿಗೆ ಸರಿಯಾಗಿ ಬೇಯದ ತಿಳಿಗೆಂಪು ಇಟ್ಟಂಗಿ ಬೇಕು. ಕರ್ರಗೆ ಸುಟ್ಟ ಇಟ್ಟಂಗಿಯ ಪುಡಿ ಸುಣ್ಣದ ಜೊತೆ ಕೂಡುವುದಿಲ್ಲ, ಉಸುಕಿನಂತೆ ಸುಮ್ಮನೆ ಕೂತಿರುತ್ತದೆ. ಸುಣ್ಣವನ್ನು ಪೇಟೆಯ ಚೀಲದ ಪುಡಿಯಲ್ಲಿ ತರಬೇಡಿ. ಬಹಳ ದಿನ ಬಿದ್ದ ಪುಡಿ ಗಾಳಿ ಹೀರಿ ಸತ್ತಿರುತ್ತದೆ. ಒಂದು ಚಮಚಕ್ಕೆ ನಿಂಬೆರಸ ಹಿಂಡಿ ನೋಡಿ: ಭುಸುಭುಸು ಬುರುಗು ಬಂದರೆ ಅದರಲ್ಲಿ ಕಸುವು ಉಳಿದಿಲ್ಲ. ಹೊಸದಾಗಿ ಸುಟ್ಟ ಹಳಕು (ಸುಣ್ಣದ ಗಡ್ಡೆ) ತನ್ನಿ, ಕೈಗೆ ಹಗುರ ಇರಬೇಕು, ನೀರಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಸುಂಯ್ ಅಂತ ಸೀಳಿ ಅರಳಬೇಕು.

ಅರಳಿಸುವಾಗ ನೀರು ಮೊದಲು, ಸುಣ್ಣ ಆಮೇಲೆ. 10 ಕೆಜಿ ಹಳಕಿಗೆ 25–30 ಲೀಟರ್ ನೀರು, ಕಬ್ಬಿಣದ ಡ್ರಮ್ಮಿನಲ್ಲಿ. ಪ್ಲಾಸ್ಟಿಕ್ ಬಕೀಟು ಆ ಬಿಸಿಗೆ ಕರಗುತ್ತದೆ. ಸುಣ್ಣದ ಮೇಲೆ ನೀರು ಚಿಮುಕಿಸಿದರೆ ಒಳಗಿನ ಹರಳು ಅರಳದೆ ಉಳಿದು, ಗಿಲಾವ್ ಮಾಡಿದ ತಿಂಗಳ ಮೇಲೆ ಗೋಡೆಯಲ್ಲಿ ಸಿಡಿದು ಕಡಲೆಕಾಳಿನಷ್ಟು ಕುಳಿ ಬೀಳುತ್ತದೆ. ಅರಳಿದ್ದನ್ನು ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಕನಿಷ್ಠ ತಿಂಗಳು ಇಡಿ. ಇದು ಬಿಳಿ ಸುಣ್ಣಕ್ಕೆ ಮಾತ್ರ. ಎರಿ (ಕಪ್ಪು ಮಣ್ಣಿನ) ಹೊಲದ ಹರಳು ಸುಟ್ಟ ಸುಣ್ಣದಲ್ಲಿ ಜೇಡಿ ಅಂಶ ಇರುವುದರಿಂದ ಅದು ನೀರಿನಡಿಯಲ್ಲೇ ಗಟ್ಟಿಯಾಗುತ್ತದೆ. ಅದನ್ನು ಅರಳಿಸಿದ ಒಂದೆರಡು ದಿನದಲ್ಲಿ ಬಳಸಿ ಮುಗಿಸಬೇಕು.

ಬೆಲ್ಲ, ಅಳಲೆಕಾಯಿ ನೀರು ಹಾಕುವ ಪದ್ಧತಿ ಒಳ್ಳೆಯದೇ, ಆದರೆ ಬೆಲ್ಲ ಜಾಸ್ತಿಯಾದರೆ ಗಚ್ಚು ದಿನಗಟ್ಟಲೆ ಹಸಿಯಾಗೇ ಉಳಿಯುತ್ತದೆ. ಸಂದಿ ತುಂಬುವಾಗ ಒಂದು ಸಲಕ್ಕೆ ಮುಕ್ಕಾಲು ಇಂಚು, ಅದು ಬಿಗಿದ ಮೇಲೆ ಮುಂದಿನದು. ತುಂಬುವ ಮುಂಚೆ ಕಲ್ಲು ಹಸಿ ಮಾಡಿ, ತುಂಬಿದ ಮೇಲೆ ಎರಡು ವಾರ ಒದ್ದೆ ಗೋಣಿಚೀಲ ಹೊದಿಸಿ. ಏಪ್ರಿಲ್, ಮೇ ನಮ್ಮ ಕಡೆ ಈ ಕೆಲಸದ ತಿಂಗಳೇ ಅಲ್ಲ, ಗಚ್ಚು ಬಿಗಿಯುವ ಮುಂಚೆಯೇ ಒಣಗಿ ಬೆರಳಿಗೆ ಪುಡಿ ಬರುತ್ತದೆ. ನವೆಂಬರದಿಂದ ಫೆಬ್ರವರಿ ಸರಿ. ಅಂದರೆ ಡಿಸೆಂಬರ್ ಕಾರ್ಯಕ್ರಮಕ್ಕೆ ಸುಣ್ಣವನ್ನು ಅಕ್ಟೋಬರಿನಲ್ಲೇ ನೆನೆಹಾಕಬೇಕು.

ಭಟ್ಟಿಯ ತುಟಿಯ ಮೇಲೆ 3 ಇಂಚು ಸುಣ್ಣದ ಕಾಂಕ್ರೀಟ್ ಹಾಕಿ ಹೊರಗಡೆಗೆ ಇಳಿಜಾರು ಕೊಡಿ, ದಿಬ್ಬದ ಕಡೆ ತುಟಿಯಿಂದ 3–4 ಫೂಟು ದೂರಕ್ಕೆ ಒಂದು ಕಾಲುವೆ ತೋಡಿ ನೀರನ್ನು ಮಗ್ಗುಲಿಗೆ ತಿರುಗಿಸಿ. ಕೆಳಗಿನ ಬಾಯಿ ಸದಾ ತೆರೆದಿರಲಿ. ಅದನ್ನು ಮುಚ್ಚಿದರೆ ಮಳೆಗಾಲದಲ್ಲಿ ಭಟ್ಟಿ ಬಾವಿಯಾಗುತ್ತದೆ.


ಫರಸಿ ಖಣಿ:

ಗಚ್ಚಿನ ಅಣ್ಣಾರು ಹೇಳಿದ್ದು ಖರೇ ಅದ. ನಾನು ಕಲ್ಲಿನ ಬಗ್ಗೆ ಹೇಳ್ತೀನಿ.

ಗಾಲಿ ಅಲ್ಲೇ ಇರಲಿ. ಮೂರೂವರೆ ಫೂಟು ಅಡ್ಡಗಲ, 10 ಇಂಚು ದಪ್ಪ ಅಂದ್ರ ಎರಡೂ ತುಂಡು ಸೇರಿ ಸುಮಾರು 600 ಕೆಜಿ ಆಗ್ತದ. ಜೆಸಿಬಿ ಬಕೀಟಿನಾಗ ಎತ್ತಿದ್ರ ಅಂಚು ಒಡೆದೇ ಒಡೀತದ. ಅದಕ್ಕಿಂತ ಹೆಚ್ಚಿಂದು, ಕಾಲುವಿ ಒಳಗ ಬಿದ್ದ ಗಾಲಿ ನೋಡಿದ್ರ ಮಂದಿಗೆ ಗಾಣ ಹ್ಯಾಂಗ ತಿರುಗ್ತಿತ್ತು ಅಂತ ಕಣ್ಣಿಗೆ ಕಾಣ್ತದ: ನಡುವೆ ಗೂಟ, ಗೂಟದಿಂದ ಗಾಲಿ ತೂತಿನಾಗ ಹಾದು ಬರೋ ಉದ್ದನ ಮರ, ಆ ಮರದ ತುದಿಗೆ ಎತ್ತು. ಗಾಲಿ ಅಗಸಿ ಮುಂದ ಹೋದ್ರ ಅದು ಬರೇ ದುಂಡನ ಕಲ್ಲು, ಇಲ್ಲಿ ಉಳಿಯೋದು ಬರೇ ತಗ್ಗು. ತುಂಡು ಕೂಡಿಸಬೇಕಂದ್ರ ಸ್ಟೇನ್‌ಲೆಸ್ ಸ್ಟೀಲ್ ಸರಳೇ ಹಾಕ್ರಿ. ಸಾದಾ ಕಬ್ಬಿಣ ಜಂಗು ಹಿಡಿದು ಉಬ್ಬಿ, ಒಡೆದ ಕಲ್ಲನ್ನ ಇನ್ನೊಮ್ಮೆ ಸೀಳ್ತದ. ನನ್ನ ಕೇಳಿದ್ರ ಕೂಡಿಸೋದೇ ಬ್ಯಾಡ. ಎರಡೂ ತುಂಡು ಗಟ್ಟಿ ಗರಸಿನ (ಮೊರಂ ಮಣ್ಣಿನ) ಮ್ಯಾಲ ಅಲುಗದಂಗ ಕುಂದ್ರಿಸಿ ಬಿಡ್ರಿ.

ಈಗ ನೆನಪಿನ ಕಲ್ಲು. ನಮ್ಮ ಫರಸಿ ಪದರಿನ ಸುಣ್ಣಕಲ್ಲು. ಮನ್ಯಾಗ ಮಲಗಿಸಿ ಹಾಸಿದಾಗ ತಲಿಮಾರು ಬಾಳ್ತದ, ಯಾಕಂದ್ರ ಪದರು ನೆಲಕ್ಕ ಸಮ ಇರ್ತಾವ. ಅದನ್ನೇ ನೆಟ್ಟಗ ನಿಲ್ಲಿಸಿದ್ರ ಮ್ಯಾಲಿನ ಅಂಚಿನಿಂದ ಮಳಿನೀರು ಪದರಿನ ನಡುವೆ ಇಳೀತದ, ಬಿಸಿಲಿಗೆ ಚಕ್ಕಿ ಏಳ್ತದ, ಅಕ್ಷರಾನೂ ಜೊತಿಗೇ ಹೋಗ್ತಾವ. ಅದಕ್ಕ ಎರಡು ದಾರಿ ಅವ. ಒಂದು, ಇಳಿಜಾರು ಕಟ್ಟಿ ಕಟ್ಟಿಸಿ ಅದರ ಮ್ಯಾಲ ಫರಸಿ ಮಲಗಿಸೋದು, ನೆಲದಿಂದ ಒಂದು ಮಗ್ಗುಲು 2 ಫೂಟು, ಇನ್ನೊಂದು 3 ಫೂಟು. ಓದೋರು ನಿಂತು ತಲಿ ಬಗ್ಗಿಸಿ ಓದ್ತಾರ, ನೀರು ನಿಲ್ಲಂಗಿಲ್ಲ. ಎರಡನೇದು, ನೆಟ್ಟಗೇ ಬೇಕಂದ್ರ ಯಾದಗಿರಿ ಕಡಿ ಗ್ರಾನೈಟು ತರ್ರಿ. ಆದ್ರ ಸುಣ್ಣದ ಭಟ್ಟಿ ನೆನಪಿಗೆ ಸುಣ್ಣಕಲ್ಲೇ ಚಂದ. ನಾನಂತೂ ಮಲಗಿಸಿದ ಫರಸಿನೇ ಅಂತೀನಿ.

ಅಳತಿ 3 ಫೂಟು ಅಗಲ, 2 ಫೂಟು ಎತ್ತರ, 3 ಇಂಚು ದಪ್ಪ. ತೂಕ 110 ಕೆಜಿ ಮ್ಯಾಲ ಬರ್ತದ, ನಾಕು ಮಂದಿ ಬೇಕು. ಖಣ್ಯಾಗ ಆರಿಸುವಾಗ ಸುತ್ತಿಗಿಲೆ ಸಣ್ಣಗೆ ಬಡಿದು ನೋಡ್ರಿ: ಖಣ್ ಅಂದ್ರ ಚಲೋ, ಡಬ್ ಅಂದ್ರ ಒಳಗ ಪದರು ಬಿಟ್ಟದ. ಆಮ್ಯಾಲ ಮುಖಕ್ಕ ನೀರು ಹೊಡೆದು ಬಿಸಿಲಿಗೆ ಬಿಡ್ರಿ. ಎಲ್ಲಾ ಕಡಿ ಒಣಗಿದ ಮ್ಯಾಲೂ ಕೂದಲಿನಂಥ ಒದ್ದಿ ಗೆರಿ ಉಳಿದ್ರ ಅಲ್ಲಿ ಬಿರುಕದ, ಆ ಕಲ್ಲು ಬಿಡ್ರಿ.

ಅಕ್ಷರ 25 ಮಿಲಿಮೀಟರ್ ಎತ್ತರ, ಕೆತ್ತಿಗಿ 4–5 ಮಿಲಿಮೀಟರ್ ಆಳ, ಇಂಗ್ಲಿಷಿನ ವಿ ಆಕಾರಕ್ಕ. ಎರಡು ಸಾಲಿನ ನಡುವೆ ಬುಡದಿಂದ ಬುಡಕ್ಕ 60 ಮಿಲಿಮೀಟರ್ ಬಿಡ್ರಿ, ಕನ್ನಡದಾಗ ಒತ್ತಕ್ಷರ ಕೆಳಗ ಇಳೀತಾವ. ಇಷ್ಟು ಜಾಗದಾಗ 7 ಸಾಲು, ಸಾಲಿಗೆ 26 ಅಕ್ಷರ, ಖಾಲಿ ಜಾಗಾನೂ ಲೆಕ್ಕ ಹಿಡಿದು. ಅದರ ಮ್ಯಾಲ ತುರುಕಬ್ಯಾಡ್ರಿ. ಲೇಸರ್ ಕೆತ್ತಿಗಿ ಫರಸಿ ಮ್ಯಾಲ ಬೆಳ್ಳಗೆ ಗೀಚಿದಂಗ ಬರ್ತದ, ಆಳ ಇಲ್ಲ, ಬಯಲಾಗ ಮಾಸ್ತದ. ಉಳಿ ಹಿಡಿಯೋರಿಗೇ ಕೊಡ್ರಿ, ಮತ್ತ ಒಂದು ಮಾತು ಮೊದಲೇ ಹೇಳ್ರಿ: "ಭ"ದ ಕೆಳಗಿನ ಸೀಳು, "ಥ"ದ ಹೊಟ್ಟ್ಯಾಗಿನ ಚುಕ್ಕಿ, ಇವು ಫರಸಿ ಮ್ಯಾಲ ಚಕ್ಕಿ ಹಾರೋ ಜಾಗ. ಸೀಳು ಮಸಕಾದ್ರ "ಭಟ್ಟಿ" ಹೋಗಿ "ಬಟ್ಟಿ" ಆಗ್ತದ. ಅಂಥ ಕಡಿ ಉಳಿ ಮಲಗಿಸಿ ಸಣ್ಣ ಪೆಟ್ಟಿಲೆ ಬಿಡಿಸಬೇಕು. ಕೆತ್ತಿದ ಮ್ಯಾಲ ಆಸಿಡ್ ಹಾಕಿ ತೊಳೆಯೋದು ಸುಣ್ಣಕಲ್ಲಿಗೆ ವಿಷ, ನುಣುಪು ಮುಖ ತಿಂದು ಹಾಕ್ತದ. ಬರೇ ನೀರು, ತೆಂಗಿನ ನಾರು.

ಕಟ್ಟಿ ಪಾಯ ಎರಿ ಮಣ್ಣಾಗ ಇಡಬ್ಯಾಡ್ರಿ. ಮಳಿಗೆ ಉಬ್ಬಿ ಬ್ಯಾಸಿಗಿಗೆ ಬಿರಿಯೋ ಮಣ್ಣು, ಎರಡು ವರ್ಷಕ್ಕ ಕಟ್ಟಿ ವಾಲ್ತದ. 3 ಫೂಟು ಅಗೆದು ತೆಗೆದು, 6 ಇಂಚಿನ ಪದರಿನಾಗ ಗರಸು ತುಂಬಿ, ನೀರು ಹೊಡೆದು ಧಮ್ಮಸ್ ಮಾಡಿ, ಆಮ್ಯಾಲ ಕಟ್ಟಿ.


ಶಾಸನ ಓದುಗ:

ಹಳೆಯ ಕಲ್ಲನ್ನು ಪೀಠವಾಗಿ ಬಳಸುವ ವಿಚಾರಕ್ಕೆ ನಿಮ್ಮ ತಾಲೂಕಿನ ಸನ್ನತಿಯೇ ಸಾಕ್ಷಿ. ಅಲ್ಲಿ ಅಶೋಕನ ಶಾಸನ ಕೆತ್ತಿದ್ದ ಚಪ್ಪಡಿಯನ್ನು ಮುಂದಿನ ಕಾಲದವರು ಕಾಳಿಯ ಮೂರ್ತಿಗೆ ಪೀಠ ಮಾಡಿಕೊಂಡರು, ಮೂರ್ತಿ ಕೂರಿಸಲು ನಡುವೆ ತೂತು ಕೊರೆದರು. ಆ ತೂತಿನಷ್ಟು ಅಕ್ಷರ ಶಾಶ್ವತವಾಗಿ ಹೋಯಿತು. ಗಾಲಿಯ ಮೇಲೆ ಕಲ್ಲು ನಿಲ್ಲಿಸಲು ನೀವೂ ತೂತು ಕೊರೆಯಲೇಬೇಕಾಗುತ್ತದೆ. ಫರಸಿಯ ಬಾಳಿಕೆಗೂ ದೂರ ಹೋಗಬೇಕಿಲ್ಲ: ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪದ ಶಿಲ್ಪಗಳೆಲ್ಲ ಸುಣ್ಣಕಲ್ಲಿನವು. ಸುಮಾರು ಎರಡು ಸಾವಿರ ವರ್ಷದ ಆ ಗೆರೆಗಳು ಅಷ್ಟು ಚೊಕ್ಕವಾಗಿ ಉಳಿಯಲು ಮಣ್ಣಿನಡಿ ಇದ್ದದ್ದೂ ಒಂದು ಕಾರಣ. ಬಯಲಿನಲ್ಲಿ ಅದೇ ಭರವಸೆ ಇಟ್ಟುಕೊಳ್ಳಬೇಡಿ. ಮೇಲಿನವರು ಹೇಳಿದಂತೆ ಮಲಗಿಸಿ.

"ಈ ಸೀಮೆಯ ಮೊದಲ" ಎಂಬುದು ನಿಲ್ಲದ ಮಾತು. ಕಲಬುರಗಿ ಕೋಟೆಯ ಜಾಮಾ ಮಸೀದಿ 1367ರದು, ಅದಕ್ಕೆ ಸುಣ್ಣ ಇಲ್ಲಿನ ಭಟ್ಟಿಗಳಿಂದಲ್ಲದೆ ಬೇರೆಲ್ಲಿಂದ ಬರಬೇಕು? ಅದಕ್ಕೂ ಹಿಂದೆ ರಾಷ್ಟ್ರಕೂಟರ ರಾಜಧಾನಿ ಮಳಖೇಡ, ಹಳೆಯ ವಿದ್ಯಾಕೇಂದ್ರ ನಾಗಾವಿ ಇವೆ. ಆದರೆ "ಈ ಊರಿನ ಮೊದಲ ಉದ್ಯೋಗ" ಎನ್ನುವುದಕ್ಕೆ ನಿಮ್ಮ ಬಳಿ ಭಟ್ಟಿಯೇ ಇದೆ. "ಕಾರ್ಖಾನೆ" ಎಂಬ ಪದವೂ ಬೇಡ. ಭಟ್ಟಿ, ಗಾಣ ಎಂದರೆ ನೋಡುವವರಿಗೆ ಎದುರಿಗಿರುವುದರ ಹೆಸರೇ ಸಿಕ್ಕಿತು. ಬಹಳ ಕಾಲ ನಡೆಯಲಿಲ್ಲ ಎಂಬುದನ್ನು ಮುಚ್ಚಬೇಡಿ, ಅದನ್ನೂ ಕೆತ್ತಿಸಿ.

ವರ್ಷ ಹುಡುಕಲು ಮೊದಲು ಆ ಜಾಗದ ಸರ್ವೆ ನಂಬರ್ ತೆಗೆದುಕೊಂಡು ತಹಸೀಲ್ದಾರ್ ಕಚೇರಿಯ ದಾಖಲೆ ವಿಭಾಗಕ್ಕೆ ನಕಲಿಗೆ ಅರ್ಜಿ ಹಾಕಿ. 1954–55ರ ಖಾಸ್ರಾ ಪಹಣಿ (ಸರ್ವೆ ನಂಬರುವಾರು ಜಮೀನಿನ ದಾಖಲೆ), ಅದಕ್ಕೂ ಹಿಂದಿನ ಸೇತ್ವಾರ್ (ಹಳೆಯ ಸರ್ವೆ ವಹಿ) ಎರಡನ್ನೂ ಕೇಳಿ. ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿರುತ್ತವೆ. ಓದಬಲ್ಲವರಿಗೆ "ಚೂನಾ", "ಭಟ್ಟಿ" ಎಂಬ ಪದ ಎಲ್ಲಾದರೂ ಇದೆಯೇ ನೋಡಲು ಹೇಳಿ. ಅಲ್ಲಿನ ವರ್ಷ ಫಸಲಿ, ಅಂದರೆ ಕಂದಾಯದ ವರ್ಷ ಆಗಿರುತ್ತದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು, ಹಾಗಾಗಿ ಡಿಸೆಂಬರ್‌ವರೆಗಿನ ತಿಂಗಳಿಗೆ 590, ಜನವರಿಯಿಂದಾಚೆಗೆ 591 ಕೂಡಿಸಿ. ಫಸಲಿ 1357 ಎಂದರೆ 1947–48. ಎಲ್ಲಕ್ಕೂ 590 ಕೂಡಿಸಿ ಒಂದು ವರ್ಷ ತಪ್ಪಾಗಿ ಕೆತ್ತಿಸಿಬಿಡುವುದು ಸುಲಭ.

ಭಟ್ಟಿಯ ಬುಡದ ಬೂದಿಯನ್ನೂ ನೋಡಿ. ಬರೀ ಕಟ್ಟಿಗೆಯ ಬೂದಿ ಇದ್ದರೆ ಕಾಲದ ಬಗ್ಗೆ ಏನೂ ಹೇಳಲಾಗದು. ಕಲ್ಲಿದ್ದಲಿನ ತೂತು ತೂತಾದ ಕಿಟ್ಟ ಸಿಕ್ಕರೆ ರೈಲು ಬಂದ ನಂತರದ್ದು ಎಂದು ಊಹಿಸಬಹುದು. ಮುಂಬೈ ಕಡೆಯ ಹಳಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿದ್ದು 1871ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ದಾರಿಯಾದದ್ದು 1874ರಲ್ಲಿ.

ಹೆಸರು ಕೆತ್ತಿಸುವ ಮುಂಚೆ ಯೋಚಿಸಿ. ಜಮೀನಿನ ಒಡೆಯರ ಹೆಸರು ಕಾಗದದಲ್ಲಿ ಸಿಗುತ್ತದೆ, ಕಲ್ಲು ಒಡೆದವರ, ಬುಟ್ಟಿ ಹೊತ್ತ ಹೆಣ್ಣುಮಕ್ಕಳ, ಗಾಣ ಹೊಡೆದವರ ಹೆಸರು ಸಿಗುವುದಿಲ್ಲ. ಸಿಕ್ಕ ನಾಲ್ಕು ಹೆಸರು ಮಾತ್ರ ಹಾಕಿದರೆ ಉಳಿದವರು ಎರಡನೇ ಸಲ ಮರೆತುಹೋಗುತ್ತಾರೆ. ಹೆಸರುಗಳಿಗೆ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಒಂದು ವಹಿ ಇಡಿ, ಸಿಕ್ಕಂತೆ ಸೇರಿಸುತ್ತಾ ಹೋಗಬಹುದು.

ಜಾಗ ಸರ್ಕಾರಿಯೋ ಖಾಸಗಿಯೋ ಪಹಣಿಯಲ್ಲಿ ನೋಡಿ, ಗ್ರಾಮಸಭೆಯ ಠರಾವು ಮಾಡಿಸಿ. ಕೇಂದ್ರದ ಸಂರಕ್ಷಿತ ಸ್ಮಾರಕ ಹತ್ತಿರವಿದ್ದರೆ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು.


ಕಾಗಿಣಾ ದಂಡಿ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಗಾಲಿ ಅಲ್ಲೇ ಇಡೋದು, ಸಿಮೆಂಟ್ ಇಲ್ಲ, ಫರಸಿ ಮಲಗಿಸೋದು, ಮೂರೂ ಗಟ್ಟಿ ಆದ್ವು. ಖಾಸ್ರಾ ಪಹಣಿ ನಕಲು ಸಿಕ್ಕದ, ಆ ನಂಬರಿನ ಮುಂದ "ಚೂನಾ ಭಟ್ಟಿ" ಅಂತ ಅದ. ಭಟ್ಟಿ ಒಳಗ ಬುಡದಿಂದ ಮೂರು ಫೂಟಿನ ಮಟ್ಟದಾಗ ಗ್ವಾಡಿಗೆ ಹಸಿರು ಗಾಜಿನಂಥ ಪೊರೆ ಹತ್ಯದ. ಕೆಳಗ ಬಿದ್ದ ಗಡ್ಡಿ ಒಡೆದ್ರ ಹೊರಗ ಬೆಳ್ಳಗ ಪುಡಿ, ನಡುವೆ ಬೂದಿ ಬಣ್ಣದ ಹಸಿ ಕಲ್ಲು. ಇದರ ಅರ್ಥ ಏನು? ಬೆಂಕಿ ಹಾಕೋ ವಿಚಾರ ಯಾರೂ ಹೇಳಿಲ್ಲ.


ಗಚ್ಚಿನ ಕೆಲಸ:

ಹಸಿರು ಪೊರೆ ಅಂದರೆ ಆ ಮಟ್ಟದಲ್ಲಿ ಕಾವು ಮಿತಿ ಮೀರಿ, ಕಲ್ಲಿನ ಜೇಡಿ ಅಂಶವೂ ಬೂದಿಯೂ ಸುಣ್ಣದ ಜೊತೆ ಕರಗಿ ಗೋಡೆಗೆ ಅಂಟಿದೆ. ನಡುವೆ ಹಸಿ ಉಳಿದ ಗಡ್ಡೆ ಅಂದರೆ ಕಲ್ಲಿನ ತುಂಡು ದೊಡ್ಡದಾಗಿತ್ತು. ಸುಣ್ಣಕಲ್ಲು 900 ಡಿಗ್ರಿ ಹತ್ತಿರ ಬೇಯುತ್ತದೆ, ಹೊರಗಿನಿಂದ ಒಳಕ್ಕೆ. ಗೇಣುದ್ದದ ತುಂಡಾದರೆ ಹೊರಗೆ ಬೆಂದು ಒಳಗೆ ಹಸಿ, ಒಳಗೂ ಬೇಯಲಿ ಅಂತ ಬೆಂಕಿ ಜೋರು ಮಾಡಿದರೆ ಹೊರಗೆ ಕರಗುತ್ತದೆ. ಒಂದೇ ಭಟ್ಟಿಯಲ್ಲಿ ಎರಡೂ ಗುರುತು ಇವೆ ಅಂದರೆ ಅವರು ತುಂಡಿನ ಅಳತೆಗೂ ಬೆಂಕಿಯ ಹದಕ್ಕೂ ಬಹಳ ಒದ್ದಾಡಿದ್ದಾರೆ. ನಿಲ್ಲಲು ಅದೇ ಕಾರಣ ಅಂತ ಮಾತ್ರ ಕೆತ್ತಿಸಬೇಡಿ. ಶಹಾಬಾದಿನಲ್ಲಿ 1920ರ ದಶಕದಿಂದ ಸಿಮೆಂಟ್ ತಯಾರಾಗುತ್ತಿತ್ತು, ಕಟ್ಟಿಗೆಯೂ ದೂರವಾಗಿರಬಹುದು. ಆ ಪೊರೆ, ಆ ಗಡ್ಡೆ ಎರಡನ್ನೂ ಹಾಗೇ ಉಳಿಸಿ. ಉಜ್ಜಿ ತೊಳೆಯುವವರು ಮೊದಲು ತೆಗೆಯುವುದು ಅವನ್ನೇ.

ಹಳೆ ಭಟ್ಟಿಗೆ ಬೆಂಕಿ ಬೇಡವೇ ಬೇಡ. ಇಷ್ಟು ವರ್ಷ ನೀರು ಕುಡಿದ ಕಲ್ಲು ಒಮ್ಮೆಗೇ ಕಾದರೆ ಒಳಗಿನ ನೀರು ಹಬೆಯಾಗಿ ಸಿಡಿಯುತ್ತದೆ. 50 ಫೂಟು ದೂರಕ್ಕೆ ಇಟ್ಟಂಗಿ, ಮಣ್ಣಿನಲ್ಲಿ ಒಂದು ಸಣ್ಣ ಭಟ್ಟಿ ಕಟ್ಟಿ: ಒಳಗೆ 2 ಫೂಟು ಅಡ್ಡಗಲ, ಮೂರೂವರೆ ಫೂಟು ಎತ್ತರ, ಗೋಡೆ 9 ಇಂಚು, ಬುಡದಲ್ಲಿ ಎದುರು ಬದುರು ಎರಡು ಗಾಳಿಬಾಯಿ, ಮೇಲೆ ಕಬ್ಬಿಣದ ಸರಳಿನ ಜಾಳಿಗೆ. ಒಂದು ವಾರ ಒಣಗಲು ಬಿಟ್ಟು ಸಣ್ಣ ಬೆಂಕಿಯಲ್ಲಿ ಕಾಯಿಸಿ ಇಡಿ.

ಇದಕ್ಕೆ 250 ಕೆಜಿ ಕಲ್ಲು, 70 ಕೆಜಿ ಕಲ್ಲಿದ್ದಲು. ಕಲ್ಲು 2–3 ಇಂಚಿನದು, ಪುಡಿ ಸೋಸಿ ತೆಗೆದದ್ದು. ಪುಡಿ ಉಳಿದರೆ ಗಾಳಿ ಆಡದೆ ಬೆಂಕಿ ನಡುವೆಯೇ ಸಾಯುತ್ತದೆ. ಬುಡಕ್ಕೆ ಒಣ ಕಟ್ಟಿಗೆ ಒಂದು ಗೇಣು, ಮೇಲೆ ಇದ್ದಲು 2 ಇಂಚು, ಕಲ್ಲು 5 ಇಂಚು, ಹೀಗೇ ತುಟಿಯವರೆಗೆ. ಕಾರ್ಯಕ್ರಮದ ಹಿಂದಿನ ದಿನ ನಸುಕಿನಲ್ಲೇ ಹಚ್ಚಿ, ಪೂರಾ ಉರಿದು ಆರಲು 24 ಗಂಟೆ ಬೇಕೇ ಬೇಕು. ರಾತ್ರಿ ಕಾಯುವವರು ಗಾಳಿ ಬರುವ ಮಗ್ಗುಲಿಗೆ ದೂರ ಕೂರಬೇಕು. ಬೆಚ್ಚಗಿದೆ ಅಂತ ಭಟ್ಟಿಯ ಪಕ್ಕ ಮಲಗಬಾರದು, ಬಗ್ಗಿ ಒಳಗೆ ನೋಡಬಾರದು. ಅದರ ಹೊಗೆಯಲ್ಲಿ ವಾಸನೆ ಇಲ್ಲದ ವಿಷಗಾಳಿ ಇರುತ್ತದೆ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಮಕ್ಕಳಿಗೆ ತೋರಿಸಲು ಎರಡು ಸಂಗತಿ ಸಾಕು. ಒಂದೇ ಅಳತೆಯ ಹಸಿ ಕಲ್ಲು, ಬೆಂದ ಕಲ್ಲು ಕೈಗವಸು ತೊಟ್ಟು ಎರಡು ಕೈಯಲ್ಲಿ ಹಿಡಿಯುವುದು. ಶುದ್ಧ ಸುಣ್ಣಕಲ್ಲು ಬೆಂದಾಗ 100ಕ್ಕೆ 44 ಪಾಲು ತೂಕ ಗಾಳಿಗೆ ಹೋಗುತ್ತದೆ, ನಮ್ಮ ಕಲ್ಲಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಆಮೇಲೆ ಒಂದೇ ಒಂದು ಗಡ್ಡೆ ನೀರಿಗೆ ಬಿಡುವುದು. ಮಕ್ಕಳು 15 ಫೂಟು ದೂರ, ಬಿಡುವವರಿಗೆ ಕನ್ನಡಕ, ಕೈಗವಸು. ಕಣ್ಣಿಗೆ ಸಿಡಿದರೆ ಉಜ್ಜದೆ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ದವಾಖಾನೆಗೆ. ಎರಡು ಕೊಡ ತಿಳಿನೀರು ಪಕ್ಕದಲ್ಲೇ ಇರಲಿ.


ಶಾಸನ ಓದುಗ:

ಪಹಣಿ ಸಿಕ್ಕಿದ್ದರಿಂದ ಪಠ್ಯಕ್ಕೆ ಆಧಾರ ಬಂತು. 26 ಅಕ್ಷರದ ಲೆಕ್ಕಕ್ಕೆ ಹೊಂದುವಂತೆ, ಅರ್ಥ ಮುರಿಯದಂತೆ ಸಾಲು ಹಾಕಿದ್ದೇನೆ:

ಸುಣ್ಣದ ಭಟ್ಟಿ, ಗಚ್ಚಿನ ಗಾಣ
ಈ ಊರಿಗೆ ಮೊದಲು ಬಂದು ನೆಲೆಸಿದವರು
ಸುಣ್ಣಕಲ್ಲು ಸುಟ್ಟು, ಗಚ್ಚು ಅರೆದು ಮಾರಿದ ಜಾಗ.
ಕೆಲಸ ಹೆಚ್ಚು ಕಾಲ ನಡೆಯಲಿಲ್ಲ.
1954–55ರ ಖಾಸ್ರಾ ಪಹಣಿಯಲ್ಲಿ
ಈ ನೆಲದ ಹೆಸರು ಚೂನಾ ಭಟ್ಟಿ.

ಏಳನೇ ಸಾಲು ಕಲ್ಲು ಹಾಕಿದ ವರ್ಷಕ್ಕೆ. ಉದ್ಘಾಟಕರ ಹೆಸರಿಗೆ ಬೇರೆ ಸಣ್ಣ ಕಲ್ಲು ಮಾಡಿ ಕಟ್ಟೆಯ ಮಗ್ಗುಲಿಗೆ ಕೂರಿಸಿ. ಕೆತ್ತುವವರಿಗೆ ಫೋನಿನಲ್ಲಿ ಕಳಿಸಬೇಡಿ, ಪೂರ್ಣ ಅಳತೆಯ ಕಾಗದದ ಮೇಲೆ ಮುದ್ರಿಸಿ, ಇಬ್ಬರು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ ಸಹಿ ಹಾಕಿ ಕೊಡಿ.


ಫರಸಿ ಖಣಿ:

ಆ ಕಾಗದಾನೇ ಕಲ್ಲಿನ ಮ್ಯಾಲ ಅಂಟಿಸಿ ಕೆತ್ತಿಸ್ರಿ. ಸೀಮೆಸುಣ್ಣದಾಗ ಬರೆದು ಕೆತ್ತಿದ್ರ ಮೂರನೇ ಸಾಲಿನ "ಜಾಗ" ಬಲಗಡಿ ಅಂಚಿಗೆ ಬಂದು ಇಕ್ಕಟ್ಟಾಗ್ತದ.